ಪ್ರೆಷರ್ ಪಂಪಿನ ಮುಳ್ಳು ಒಂದು ಕಡಿ ನಿಲ್ಲವಲ್ತು, ಸಹಾಯ ಮಾಡ್ರಿ

ನಮಸ್ಕಾರ್ರಿ. ಕಲಬುರಗಿ ಸೇಡಂ ರಸ್ತೆದಾಗ ನಮ್ಮದು ಗಾಡಿ ತೊಳಿಯೋ ಸಣ್ಣ ಅಂಗಡಿ. ಮೂರು ಪಿಸ್ಟನ್ ಪಂಪು. ಮೊದಲು ಪ್ರೆಷರ್ ಮೀಟರಿನ್ಯಾಗ 100 ಬಾರ್ ಮ್ಯಾಲ ಗಟ್ಟಿ ನಿಲ್ತಿದ್ದ ಮುಳ್ಳು ಈಗ 30ರಿಂದ 60ರ ನಡುವ ಕುಣೀತದ, ಗನ್ ಹಿಡಿದ ಕೈಯಾಗ ಪೈಪು ಜಗ್ಗಿ ಜಗ್ಗಿ ಬಿಡ್ತದ. ಹೊಸ ನಾಝಲ್ ಹಾಕೀನಿ, ಜಾಲರಿ ತೊಳದೀನಿ, ನೀರು ಎಳಿಯೋ ಪೈಪಿನ ಕ್ಲಿಪ್ಪೂ ಬಿಗಿ ಮಾಡೀನಿ. ಹೆಚ್ಚಾದ ನೀರು ವಾಪಸ್ ಬರೋ ರಿಟರ್ನ್ ಪೈಪು ಬಕೆಟ್ಟಿನ್ಯಾಗ ಮುಳುಗಿಸಿದ್ರ ಗುಳ್ಳಿ ಬರಂಗಿಲ್ಲ, ಅಂದ್ರ ಗಾಳಿ ಎಳೀತಿಲ್ಲ. ಆದ್ರ ಆಯಿಲ್ ನೋಡೋ ಗಾಜಿನ್ಯಾಗ ನೋಡಿದ್ರ ಪಂಪಿನ ಆಯಿಲ್ ಹಾಲು ಹಾಕಿದ ಚಹಾದಂಗ ಆಗ್ಯಾದ! ಸೀಲ್ ಹೋಗಿ ನೀರು ಸೇರ್ಯಾದೇನೋ. ಮಿಸ್ತ್ರಿ ಮಾತ್ರ ಮೋಟರೇ ಬದಲಿಸು ಅಂತಾನ, ನನಗ ನಂಬಿಕಿ ಇಲ್ಲ. ಬೋರಿನ ನೀರು ಸವಳು, ವಾಲ್ವಿಗೂ ಬಿಳಿ ಪೊರಿ ಕಟ್ಟಿರಬೇಕು. ಸೀಲ್, ವಾಲ್ವ್ ಎರಡೂ ಒಮ್ಮಿಗೇ ಹಾಕಿಸಬೇಕೇನ್ರಿ? ಇಲ್ಲಿನ ಸುಪರ್ ಮಾರ್ಕೆಟ್ ಏರಿಯಾ ಕಡಿ ಸೀಲ್-ವಾಲ್ವಿನ ಕಿಟ್ ಸಿಗ್ತದೇನು? ಗೊತ್ತಿದ್ದವರು ಹೇಳ್ರಿ ಅಣ್ಣಾರ, ಮೂರು ದಿನದಿಂದ ಗಿರಾಕಿ ವಾಪಸ್ ಹೊಂಟಾರ.