ಬೀನ್ಸ್–ಸಬ್ಬಸಿಗೆ ಪಲ್ಯ: ಬಣ್ಣ ಕಂದುತ್ತೆ, ಸೊಪ್ಪಿನ ಘಮ ನಿಲ್ಲಲ್ಲ. ಎಲ್ಲಿ ತಪ್ಪು?

ಹೊಸಬಾಣಲೆ:
ಕಾಲು ಕೆಜಿ ಬೀನ್ಸ್, ಒಂದು ಕಟ್ಟು ಸಬ್ಬಸಿಗೆ. ಎರಡು ಸಲ ಮಾಡಿದ್ದು, ಎರಡು ಸಲವೂ ಬೇರೆ ಬೇರೆ ಥರ ಕೆಟ್ಟಿದೆ.
ಮೊದಲನೇ ಸಲ: ಬೀನ್ಸು, ಸೊಪ್ಪು, ಉಪ್ಪು, ಒಂದು ಲೋಟ ನೀರು ಎಲ್ಲ ಕುಕ್ಕರ್‌ಗೆ. ಒಂದು ಕೂಗು ಕೂಗಿಸಿ, ಪ್ರೆಶರ್ ತಾನಾಗೇ ಇಳಿದ ಮೇಲೆ ತೆಗೆದು, ಒಗ್ಗರಣೆಗೆ ಹಾಕಿದ್ದು. ಬೀನ್ಸ್ ಹಳದಿಗೆ ತಿರುಗಿದ ಮಂಕು ಹಸಿರು, ತಳದಲ್ಲಿ ನೀರು, ಸಬ್ಬಸಿಗೆ ಹಾಕಿದ್ದೇ ಗೊತ್ತಾಗಲಿಲ್ಲ.
ಎರಡನೇ ಸಲ: ಬಾಣಲೆಯಲ್ಲೇ. ಒಗ್ಗರಣೆ ಆದ ತಕ್ಷಣ ಬೀನ್ಸ್, ಎರಡು ಚಮಚ ಹುಣಸೆ ರಸ, ನೀರು, ಮುಚ್ಚಳ. 20 ನಿಮಿಷ ಆದರೂ ಬೀನ್ಸ್ ಮೆದುವಾಗಲಿಲ್ಲ, ಬಣ್ಣ ಮಾತ್ರ ಹೋಯಿತು. ಕರಿಬೇವು ಕಪ್ಪಾಗಿ ಕಹಿ.
ಮದುವೆ ಮನೆಯ ಪಲ್ಯದಲ್ಲಿ ಬರುವ ಆ ಘಮ ಮನೆಯಲ್ಲಿ ಬರಬೇಕಾದರೆ ಏನು ಮಾಡಬೇಕು?

ಒಗ್ಗರಣೆಸೌಟು:
ಎರಡನೇ ಸಲದ್ದು ಮೊದಲು ನೋಡೋಣ, ಯಾಕಂದರೆ ಅಲ್ಲಿ ಕಾರಣ ಒಂದೇ: ಹುಣಸೆ. ತರಕಾರಿ ಮೆದುವಾಗೋದು ಅದರ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಅನ್ನೋ ಅಂಟು ಕರಗಿದಾಗ. ಹುಳಿ ಇದ್ದರೆ ಪೆಕ್ಟಿನ್ ಬೇಗ ಕರಗಲ್ಲ. ಅದಕ್ಕೇ ಸಾಂಬಾರಿಗೆ ತರಕಾರಿ ಬೆಂದ ಮೇಲೆ ಹುಣಸೆ ಬಿಡೋದು. ಟೊಮ್ಯಾಟೊ, ಮಾವಿನಕಾಯಿ, ಮೊಸರು ಎಲ್ಲದಕ್ಕೂ ಇದೇ ಲೆಕ್ಕ.
ಬಣ್ಣ ಹೋಗೋದಕ್ಕೂ ಅದೇ ಹುಳಿ ಕಾರಣ. ಹಸಿರು ಬಣ್ಣ ಕೊಡುವ ಕ್ಲೋರೊಫಿಲ್ ಮಧ್ಯೆ ಒಂದು ಮೆಗ್ನೀಸಿಯಂ ಇರುತ್ತೆ. ಬಿಸಿ ಮತ್ತು ಹುಳಿ ಸೇರಿದರೆ ಅದು ಕಳಚಿಹೋಗಿ ಹಸಿರು ಕಂದು ಹಸಿರಾಗುತ್ತೆ. ನೀವು ಹುಳಿ ಹಾಕದಿದ್ದರೂ ತರಕಾರಿಯೊಳಗೇ ಸ್ವಲ್ಪ ಹುಳಿ ಇರುತ್ತೆ. ಮುಚ್ಚಳ ತೆಗೆದಿದ್ದರೆ ಅದರಲ್ಲಿ ಒಂದಷ್ಟು ಹಬೆಯ ಜೊತೆ ಹೊರಗೆ ಹೋಗುತ್ತೆ, ಮುಚ್ಚಿದ್ದರೆ ಮತ್ತೆ ತರಕಾರಿ ಮೇಲೇ ತೊಟ್ಟಿಕ್ಕುತ್ತೆ. ಕುಕ್ಕರ್‌ನಲ್ಲಿ ಕೂಗು ಒಂದೇ ಆದರೂ ಪ್ರೆಶರ್ ಇಳಿಯೋವರೆಗೆ ಇನ್ನೂ ಹತ್ತು ನಿಮಿಷ ಅದು ಬೇಯುತ್ತಲೇ ಇರುತ್ತೆ. ಪಲ್ಯದ ಬೀನ್ಸ್‌ಗೆ ಕುಕ್ಕರ್ ಬೇಡವೇ ಬೇಡ.
ಎರಡು ವಿಷಯ ಹೇಳಿ: ಬೀನ್ಸ್ ಎಷ್ಟು ಸಣ್ಣಗೆ ಹೆಚ್ಚಿದ್ದಿರಿ? ನೀರು ಬೋರ್‌ವೆಲ್‌ದಾ?

ಹೊಸಬಾಣಲೆ:
ಒಂದು ಇಂಚು ಉದ್ದ. ಹೌದು ಸರ್, ಬೋರ್‌ವೆಲ್ ನೀರು. ಪಾತ್ರೆ ಮೇಲೆ ಬಿಳಿ ಪೊರೆ ಕಟ್ಟುತ್ತೆ.

ಒಗ್ಗರಣೆಸೌಟು:
ಅಲ್ಲಿಗೆ ಇನ್ನೊಂದು ಕಾರಣವೂ ಸಿಕ್ಕಿತು. ಗಡಸು ನೀರಿನ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಇನ್ನೂ ಬಿಗಿ ಮಾಡುತ್ತೆ. ಕಾಳು ಬೇಯಿಸುವಾಗ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಬೇಯಿಸೋಕೆ ಗಡಸುತನ ತೆಗೆಯುವ ಆರ್‌ಒ ಫಿಲ್ಟರ್ ನೀರನ್ನೇ ಬಳಸಿ. ಬೇಕಾಗೋದು ಅರ್ಧ ಲೋಟ ಅಷ್ಟೇ. ಹೆಚ್ಚೋದು ಕಾಲು ಇಂಚಿಗೆ.

ಕ್ರಮ ಹೀಗಿರಲಿ, ಕಾಲು ಕೆಜಿ ಬೀನ್ಸ್‌ಗೆ:
ಒಂದೂವರೆ ದೊಡ್ಡ ಚಮಚ ಎಣ್ಣೆ ಕಾಯಿಸಿ ಅರ್ಧ ಟೀ ಚಮಚ ಸಾಸಿವೆ. ಅದು ಮುಕ್ಕಾಲು ಪಾಲು ಸಿಡಿದ ಮೇಲೆ ಒಂದೊಂದು ಟೀ ಚಮಚ ಕಡ್ಲೆಬೇಳೆ, ಉದ್ದಿನಬೇಳೆ. ಬೇಳೆ ಹೊಂಬಣ್ಣಕ್ಕೆ ಬಂದಾಗ ಸೀಳಿದ ಎರಡು ಹಸಿಮೆಣಸಿನಕಾಯಿ, ಚಿಟಿಕೆ ಇಂಗು, ಕೊನೆಗೆ 12–15 ಎಲೆ ಕರಿಬೇವು. ಬೀನ್ಸ್ ಹಾಕಿ ಜೋರು ಉರಿಯಲ್ಲಿ, ಮುಚ್ಚದೆ ಮೂರು ನಿಮಿಷ ಬಾಡಿಸಿ. ಬೀನ್ಸ್ ಒಮ್ಮೆ ಕಡು ಹಸಿರಾಗಿ ಹೊಳೆಯುತ್ತೆ. ಆಗ 100 ಮಿಲಿ ಕುದಿಯುವ ನೀರು, ಅರ್ಧ ಟೀ ಚಮಚ ಪುಡಿ ಉಪ್ಪು. ತಣ್ಣೀರು ಹಾಕಿದರೆ ಬಾಣಲೆ ಆರಿ, ಬೇಯುವ ಹೊತ್ತು ಉದ್ದವಾಗುತ್ತೆ. ತಟ್ಟೆಯನ್ನು ಓರೆಯಾಗಿ ಮುಚ್ಚಿ, ಮಧ್ಯಮ ಉರಿಯಲ್ಲಿ 7–8 ನಿಮಿಷ.
ಒಂದು ತುಂಡನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ನೋಡಿ. ಸಿಪ್ಪೆ ಬಗ್ಗಬೇಕು, ಆದರೆ ಒಳಗಿನ ಬೀಜ ಜಾರಿ ಹೊರಗೆ ಬರಬಾರದು. ಬೀಜ ಜಾರಿದರೆ ಹದ ಮೀರಿದೆ. ನೀರು ಇನ್ನೂ ಉಳಿದಿದ್ದರೆ ತಟ್ಟೆ ತೆಗೆದು ಜೋರು ಉರಿಯಲ್ಲಿ ಇಂಗಿಸಿ. ನೀರು ಪೂರ್ತಿ ಇಂಗೋವರೆಗೆ ಸೊಪ್ಪು ಹಾಕಬೇಡಿ.

ಸೊಪ್ಪಿನಮಡಿ:
ಸೊಪ್ಪಿನ ಭಾಗ ನಾನು ಹೇಳ್ತೀನಿ ಮೇಡಂ, ಘಮ ಹೋಗಿರೋದು ಅಲ್ಲೇ.
ಸಬ್ಬಸಿಗೆಯ ವಾಸನೆ ಹಬೆಯ ಜೊತೆ ಹಾರಿಹೋಗುವ ಎಣ್ಣೆಯಲ್ಲಿರೋದು. ಇಡೀ ಮನೆ ಘಮಘಮ ಅಂದರೆ ಅಷ್ಟು ಘಮ ಬಾಣಲೆ ಬಿಟ್ಟು ಹೋಯಿತು ಅಂತಲೇ ಅರ್ಥ. ಬುಡದ ದಪ್ಪ ದಂಟು ತೆಗೆದು, ಬಿಡಿಸಿದ ಮೇಲೆ 60 ಗ್ರಾಂ ಉಳಿದರೆ ಕಾಲು ಕೆಜಿ ಬೀನ್ಸ್‌ಗೆ ಸರಿ. ಸಣ್ಣ ಕಟ್ಟಾದರೆ ಎರಡು ಬೇಕಾಗುತ್ತೆ. ನೀವು ಹಾಕಿದ್ದು ಕಡಿಮೆಯೂ ಆಗಿರಬಹುದು.
ತೊಳೆದು, ಬಟ್ಟೆ ಮೇಲೆ ಹರಡಿ ಪೂರ್ತಿ ಒಣಗಿಸಿ, ಬಾಣಲೆಗೆ ಹಾಕೋ ಮುಂಚೆಯಷ್ಟೇ ಹೆಚ್ಚಿ. ಒದ್ದೆ ಸೊಪ್ಪನ್ನು ಮೊಂಡು ಚಾಕುವಿನಲ್ಲಿ ಕೊಚ್ಚಿದರೆ ಹಲಗೆ ಮೇಲೆ ಹಸಿರು ರಸ ನಿಲ್ಲುತ್ತಲ್ಲ, ಘಮದಲ್ಲಿ ಒಂದು ಪಾಲು ಅದರಲ್ಲೇ ಹೋಗುತ್ತೆ. ಪುದೀನ ಆದರೆ ಅಂಚು ಕಪ್ಪಾಗುತ್ತೆ ಕೂಡ.
ಎಲ್ಲ ಸೊಪ್ಪಿಗೂ ಒಂದೇ ಹೊತ್ತು ಅಲ್ಲ. ಕರಿಬೇವು ಎಣ್ಣೆಗೆ, ಯಾಕಂದರೆ ಅದರ ಘಮ ಎಣ್ಣೆಯಲ್ಲಿ ಕರಗಿ ಪಲ್ಯಕ್ಕೆಲ್ಲ ಹರಡುತ್ತೆ. ನೀರಿಗೆ ಹಾಕಿದರೆ ಎಲೆಯಲ್ಲೇ ಉಳಿದು ತಟ್ಟೆಯಂಚಿಗೆ ಹೋಗುತ್ತೆ. ಸಬ್ಬಸಿಗೆ ಕೊನೆಯ ಎರಡು ಮೂರು ನಿಮಿಷಕ್ಕೆ, ಹಸಿ ವಾಸನೆ ಹೋಗುವಷ್ಟು ಮಾತ್ರ. ಕೊತ್ತಂಬರಿ ದಂಟನ್ನು ಸಣ್ಣಗೆ ಹೆಚ್ಚಿ ಹಸಿಮೆಣಸಿನಕಾಯಿ ಜೊತೆ ಎಣ್ಣೆಗೆ ಹಾಕಬಹುದು, ಬಿಸಿ ತಡೆಯುತ್ತೆ. ಎಲೆ ಮಾತ್ರ ಒಲೆ ಆರಿಸಿದ ಮೇಲೇ. ದಂಟನ್ನು ಕಸಕ್ಕೆ ಹಾಕುವವರು ಅರ್ಧ ರುಚಿ ಎಸೀತಿದ್ದಾರೆ.
ಸಬ್ಬಸಿಗೆ ಬಾಡಿದ ಕೂಡಲೇ ಮೂರು ದೊಡ್ಡ ಚಮಚ ಕಾಯಿತುರಿ, ಒಮ್ಮೆ ಕೆದಕಿ ಇಳಿಸಿ. ಹುಳಿ ಬೇಕೆನಿಸಿದರೆ ಬಡಿಸುವಾಗ ನಿಂಬೆರಸ ಅರ್ಧ ಚಮಚ. ಆದರೆ ಸಬ್ಬಸಿಗೆ ಪಲ್ಯಕ್ಕೆ ಹುಳಿ ಬೇಕಿಲ್ಲ ಅಂತಲೇ ನನ್ನ ಅಭಿಪ್ರಾಯ. ಕಾಯಿಯ ಸಿಹಿಯೇ ಅದಕ್ಕೆ ಜೋಡಿ.

ಕಾಯಿತುರಿ:
ಕರಿಬೇವು ಕಪ್ಪಾಗಿದ್ದು ಎಣ್ಣೆ ಹೊಗೆ ಬರುವಷ್ಟು ಕಾದಿದ್ದರಿಂದ. ಸಾಸಿವೆ ಸಿಡಿಯೋದು ನಿಲ್ಲುತ್ತಾ ಬಂದಾಗಲೇ ಉರಿ ಸಣ್ಣ ಮಾಡಿ. ಭಯ ಇದ್ದರೆ ಒಲೆ ಆರಿಸಿಯೇ ಎಲೆ ಹಾಕಿ, ಕಾದ ಎಣ್ಣೆ ಸಾಕು. ಎಲೆ ಮೊದಲು ಗಾಜಿನ ಥರ ಪಾರದರ್ಶಕ ಆಗುತ್ತೆ, ಆಮೇಲೆ ಗರಿಯಾಗಿ ಸದ್ದು ನಿಲ್ಲುತ್ತೆ. ಆ ಎರಡರ ನಡುವೆ, ಅಂದರೆ 8–10 ಸೆಕೆಂಡಿನಲ್ಲಿ, ಬೀನ್ಸ್ ಬೀಳಬೇಕು. ಅದಕ್ಕೇ ಹೆಚ್ಚಿದ ತರಕಾರಿ ಕೈಗೆಟುಕುವಲ್ಲಿ ಇಟ್ಟುಕೊಂಡೇ ಒಗ್ಗರಣೆ ಶುರು ಮಾಡಿ.

ದೂರದಅಡುಗೆಮನೆ:
ಜರ್ಮನಿಯಿಂದ. ಇಲ್ಲಿ ತಾಜಾ ಕರಿಬೇವು ಅಪರೂಪ, ಫ್ರೀಜರ್‌ನಲ್ಲಿಟ್ಟ ಎಲೆ ಹಾಕಿದರೆ ಎಣ್ಣೆ ಮುಖಕ್ಕೆ ಸಿಡಿಯುತ್ತೆ. ಡಿಲ್ ಮಾತ್ರ ಅಂಗಡಿಯಲ್ಲೆಲ್ಲ ಸಿಗುತ್ತೆ. ಅಡುಗೆ ಸೋಡಾ ಚಿಟಿಕೆ ಹಾಕಿದರೆ ಹಸಿರು ಉಳಿಯುತ್ತೆ ಅಂತಾರೆ, ಸರೀನಾ?

ಸೊಪ್ಪಿನಮಡಿ:
ಎಲೆ ಮೇಲಿನ ಮಂಜು ಕರಗಿ ನೀರಾಗಿ ಎಣ್ಣೆಗೆ ಬೀಳುತ್ತೆ, ಸಿಡಿಯೋದು ಅದಕ್ಕೆ. ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಒಲೆ ಆರಿಸಿ ಹಾಕಿ, ತಟ್ಟೆ ಅಡ್ಡ ಹಿಡಿಯಿರಿ. ಘಮ ಕಡಿಮೆ ಇರುತ್ತೆ, ಒಂದೂವರೆ ಪಟ್ಟು ಎಲೆ ಹಾಕಿ. ಡಿಲ್ ಅಂದರೆ ಸಬ್ಬಸಿಗೆಯೇ, ಧಾರಾಳವಾಗಿ ಬಳಸಿ.
ಸೋಡಾ ಬೇಡ. ಹಸಿರೇನೋ ಉಳಿಯುತ್ತೆ, ಆದರೆ ಬೀನ್ಸ್ ಹೊರಗೆ ಲೋಳೆಯಾಗುತ್ತೆ, ಸೋಪಿನ ರುಚಿ ಬರುತ್ತೆ, ಬಿ1 ವಿಟಮಿನ್ ಹಾಳಾಗುತ್ತೆ.

ಹೊಸಬಾಣಲೆ:
ಇವತ್ತು ನೀವು ಹೇಳಿದ ಹಾಗೇ ಮಾಡಿದ್ದು. ಬಣ್ಣ ನಿಂತಿದೆ, ಸಬ್ಬಸಿಗೆ ಮೊದಲ ತುತ್ತಿಗೇ ಗೊತ್ತಾಯಿತು. ತುಂಬಾ ಥ್ಯಾಂಕ್ಸ್. ಎರಡು ಉಳಿದಿದೆ. ಬೆಳಿಗ್ಗೆ 7.30ಕ್ಕೆ ಡಬ್ಬಿಗೆ ಹಾಕಿದ್ದು ಮಧ್ಯಾಹ್ನ ಮತ್ತೆ ಮಂಕಾಗಿತ್ತು. ಇದೇ ಕ್ರಮದಲ್ಲಿ ಮೆಂತ್ಯ ಸೊಪ್ಪಿನ ಪಲ್ಯ ಮಾಡಿದರೆ ಉಪ್ಪು ಜಾಸ್ತಿ, ಕಹಿ.

ಕಾಯಿತುರಿ:
ಡಬ್ಬಿಗೆ: ಇಳಿಸಿದ ಮೇಲೆ ಅಗಲ ತಟ್ಟೆಯಲ್ಲಿ ಹರಡಿ ಹತ್ತು ನಿಮಿಷ ಫ್ಯಾನ್ ಕೆಳಗೆ ಇಡಿ. ಬಿಸಿಯಾಗಿ ಮುಚ್ಚಿದರೆ ಡಬ್ಬಿಯೊಳಗೇ ಬೇಯುತ್ತೆ, ಮುಚ್ಚಳದಿಂದ ನೀರೂ ಇಳಿಯುತ್ತೆ. ನಿಂಬೆ ಬೆರೆಸಬೇಡಿ, ಒಂದು ಹೋಳು ಬೇರೆ ಕೊಡಿ. ಬೇಸಿಗೆಯಲ್ಲಿ ಹಸಿ ಕಾಯಿ ಮಧ್ಯಾಹ್ನಕ್ಕೇ ಹಳಸುತ್ತೆ. ಡಬ್ಬಿ ಪಲ್ಯಕ್ಕೆ ಕಾಯಿತುರಿಯನ್ನು ಎರಡು ನಿಮಿಷ ಬೇರೆಯಾಗಿ ಹುರಿದು ಹಾಕಿ.

ಒಗ್ಗರಣೆಸೌಟು:
ಮೆಂತ್ಯದ ಉಪ್ಪು: ಬಾಣಲೆ ತುಂಬಿದ ಸೊಪ್ಪು ನೋಡಿ ಅಂದಾಜು ಮಾಡಿದ್ದೀರಿ, ಅದು ಕುಗ್ಗಿ ಹಿಡಿಯಷ್ಟಾಗಿದೆ. ಸೊಪ್ಪಿನ ಪಲ್ಯಕ್ಕೆ ಪೂರ್ತಿ ಬಾಡಿದ ಮೇಲೇ ಉಪ್ಪು ಹಾಕಿ. ಮೊದಲೇ ಹಾಕಿದರೆ ನೀರೂ ಬಿಡುತ್ತೆ.
ಕಹಿಗೆ: ದಂಟು ಬಿಟ್ಟು ಎಲೆ ಮಾತ್ರ ಬಿಡಿಸಿ, ತೀರಾ ಸಣ್ಣಗೆ ಕೊಚ್ಚಬೇಡಿ. ನೀರು ಹಾಕದೆ, ಮುಚ್ಚದೆ ಎಣ್ಣೆಯಲ್ಲೇ ನಾಲ್ಕು ನಿಮಿಷ ಬಾಡಿಸಿ. ಉಪ್ಪು ಸವರಿ ಹಿಂಡುವ ಪದ್ಧತಿ ಇದೆ, ಕಹಿ ಇಳಿಯುತ್ತೆ ನಿಜ, ಮೆಂತ್ಯದ ಘಮವೂ ಆ ನೀರಿನ ಜೊತೆ ಹೋಗುತ್ತೆ. ಅದರ ಬದಲು ಬೇಯಿಸಿದ ಎರಡು ಆಲೂಗಡ್ಡೆ, ಅರ್ಧ ಚಮಚ ಬೆಲ್ಲ ಸೇರಿಸಿ ನೋಡಿ. ಹಾಗೂ ಕಹಿ ಎನಿಸಿದರೆ ಮುಂದಿನ ಸಲ ಚಿಕ್ಕ ಎಲೆಯ ಎಳೆ ಮೆಂತ್ಯ ಕೇಳಿ ತನ್ನಿ. ಹೂ ಬಿಟ್ಟ ಗಿಡದ್ದಾದರೆ ಏನು ಮಾಡಿದರೂ ಕಹಿಯೇ.