ಮಂಚದ ಕೆಳಗ ಸೇರಿದ ಬೆಕ್ಕಿಗೆ ಗುಳಿಗಿ ಹೆಂಗ ನುಂಗಿಸಬೇಕ್ರಿ?

ಗಂಗಾವತಿಯಾಕಿ:

ಗಂಡು ಬೆಕ್ಕು, ನಾಲ್ಕು ವರ್ಷದ್ದು, ತೂಕ 4.8 ಕಿಲೋ, ಆಪರೇಷನ್ ಆಗೈತಿ. ಮನ್ಯಾಗ ಸುಣ್ಣ-ಬಣ್ಣ ನಡದೈತಿ, ನಾದಿನಿ ಬಾಣಂತನಕ್ಕ ಬಂದಾಳ, ಪಡಸಾಲಿ ಸಾಮಾನೆಲ್ಲ ಆ ಕಡಿ ಈ ಕಡಿ ಆಗ್ಯಾವ. ಅವಾಗಿಂದ ಮಂಚದ ಕೆಳಗ ಸೇರಿದ್ದು ಹೊರಗ ಬರವಲ್ದು. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ಬಂದು ಒಂದೀಟು ತಿಂದು ಹೋಗತೈತಿ. ಎರಡು ಸಲ ಗಾದಿ ಮ್ಯಾಲೆ ಉಚ್ಚಿ ಹೊಯ್ದೈತಿ. ಈಗ ಸೀನು, ಕಣ್ಣಾಗ ಗೀಜು. ಡಾಕ್ಟರು ನೋಡಿ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ಗುಳಿಗಿ ಅರ್ಧ, ದಿನಕ್ಕೊಂದು ಸಲ, 10 ದಿನ ಅಂತ ಬರದಾರ. ಪುಡಿ ಮಾಡಿ ಹಾಲಾಗ ಹಾಕಿದ್ರ ಮೂಸಿ ನೋಡಿ ಹೋಗತೈತಿ. ಬಾಯಾಗ ಇಟ್ರ ಬುರುಗು ಬುರುಗು ಉಗುಳಿ ಕೈ ಪರಚತೈತಿ. ಗುಳಿಗಿ ಕೊಡಾಕ ಹೋದಂಗೆಲ್ಲ ಇನ್ನೂ ಒಳಗ ಸೇರಾಕತ್ತೈತಿ. ಏನ್ ಮಾಡ್ಲಿ?

ಬಿಸಿಲನಾಡು, ರಾಯಚೂರು:

ಗುಳಿಗಿ ಮಾತು ಆಮ್ಯಾಲ. ಮೊದಲ ಉಚ್ಚಿ ಸರಿಯಾಗಿ ಹೊಯ್ಲಿಕತ್ತದೋ ಇಲ್ಲೋ ನೋಡ್ರಿ. ಗಂಡು ಬೆಕ್ಕಿನ ಮೂತ್ರನಾಳ ಭಾಳ ಸಣ್ಣದು. ಮನಸ್ಸಿಗೆ ತ್ರಾಸಾದ್ರ ಮೂತ್ರಕೋಶ ಬಾತ್ಕೊಳ್ತದ, ಒಳಗಿನ ಲೋಳಿ ಮತ್ತ ಸಣ್ಣ ಹರಳು ಕೂಡಿ ನಾಳಕ್ಕ ಬಿರಡಿ ಹಾಕಿದಂಗ ಆಗ್ತದ. ಉಚ್ಚಿ-ಕಕ್ಕಸಿಗೆ ಇಟ್ಟ ಉಸುಕಿನ ಟ್ರೇಕ್ಕ ಮ್ಯಾಲಿಂದ ಮ್ಯಾಲೆ ಹೋಗಿ ಕುಂದ್ರೋದು, ಕೂತಲ್ಲೇ ಒದರೋದು, ಹನಿ ಹನಿ ಬರೋದು ಇಲ್ಲಾ ಏನೂ ಬರದೇ ಇರೋದು, ಅದೇ ಜಾಗ ಒಂದೇ ಸವನ ನೆಕ್ಕೋದು, ಇವು ಗುರುತು. ಹೊಟ್ಟಿ ಕೆಳಗ ಮೆಲ್ಲಕ ಮುಟ್ಟಿದ್ರ ಗಟ್ಟಿ ಉಂಡಿ ಸಿಗ್ತದ. ಅದನ್ನ ಒತ್ತಬ್ಯಾಡ್ರಿ. ಭಾಳ ಮಂದಿ ಇದನ್ನ ಮಲ ಕಟ್ಟ್ಯದ ಅಂತ ತಿಳದು ಔಡಲೆಣ್ಣಿ ಕುಡಸ್ತಾರ, ಅಲ್ಲೇ ಒಂದು ದಿನ ಹೋಗ್ತದ. ಉಚ್ಚಿ ಪೂರಾ ಕಟ್ಟಿದ್ರ ಕಿಡ್ನಿಗೆ ಪೆಟ್ಟು ಬಿದ್ದು ರಕ್ತದಾಗ ಪೊಟ್ಯಾಸಿಯಂ ಏರ್ತದ, ಎರಡು-ಮೂರು ದಿನದಾಗ ಹೃದಯನೇ ನಿಂತುಬಿಡ್ತದ. ಮುಂಜಾನಿ ಹೋದ್ರಾತು ಅನ್ನೋ ರೋಗ ಅಲ್ಲ ಇದು.

ನಿಮ್ಮ ಗಾದಿ ಮ್ಯಾಲಿನ ಕಲೆ ದೊಡ್ಡದಿದ್ರ ನಾಳ ತೆರದದ ಅಂತ ಅರ್ಥ. ರುಪಾಯಿ ಅಗಲದ ಸಣ್ಣ ಸಣ್ಣ ಕಲೆ, ಅದರಾಗ ಕೆಂಪು ಛಾಯೆ ಇದ್ರ ಅವತ್ತೇ ದವಾಖಾನಿಗೆ ಒಯ್ರಿ. ಉಸುಕಿನ ಟ್ರೇದಾಗ ಲೆಕ್ಕ ಹತ್ತೂದಿಲ್ಲ. ಎರಡು ದಿನ ಇನ್ನೊಂದು ಟ್ರೇದಾಗ ಹರಿದ ಪೇಪರ್ ಹಾಕಿಡ್ರಿ, ದಿನಕ್ಕ ಎರಡರಿಂದ ನಾಲ್ಕು ಸಲ ಒದ್ದಿ ಆಗಿದ್ರ ಚಿಂತಿಲ್ಲ.

ಸೀನು ಈಗ್ಯಾಕ ಬಂತು ಅಂದ್ರ, ಭಾಳಷ್ಟು ಬೆಕ್ಕಿನ ಮೈಯಾಗ ಮರಿ ಇದ್ದಾಗ ಹೊಕ್ಕ ಹರ್ಪಿಸ್ ವೈರಸ್ ನರದಾಗ ಅಡಗಿರ್ತದ. ತ್ರಾಸಾಗಿ ಒಂದು ವಾರದ ಸುಮಾರಿಗೆ ಎದ್ದು ಬರ್ತದ. ಡಾಕ್ಸಿಸೈಕ್ಲಿನ್ ಆ ವೈರಸ್ಸಿಗಲ್ಲ, ಅದರ ಬೆನ್ನಿಗೆ ಬರೋ ಬ್ಯಾಕ್ಟೀರಿಯಾಕ್ಕ. ಹಂಗಾಗಿ ಬೆಕ್ಕನ್ನ ಸಮಾಧಾನ ಮಾಡೋದೂ ಔಷಧದಷ್ಟೇ ಮುಖ್ಯ.

ಬಣ್ಣ ಹಚ್ಚದ, ಕೂಸು ಇಲ್ಲದ ಒಂದು ಖೋಲಿ ಬಿಟ್ಟುಕೊಡ್ರಿ. ಸಣ್ಣ ಸಾಮಾನಿನ ಖೋಲಿ ಆದ್ರೂ ನಡೀತದ. ಒಂದು ರಟ್ಟಿನ ಡಬ್ಬಿ ಅಡ್ಡ ಮಲಗಿಸಿ, ಬಾಯಿ ಗ್ವಾಡಿ ಕಡಿ ತಿರುಗಿಸಿ, ಒಳಗ ನೀವು ಉಟ್ಟು ಬಿಟ್ಟ, ತೊಳೀಲಾರದ ಹಳೆ ಸೀರಿ ಹಾಸ್ರಿ. ನೀರು-ಊಟ ಒಂದು ಮೂಲ್ಯಾಗ, ಟ್ರೇ ಅದಕ್ಕ ಎದುರಿನ ಮೂಲ್ಯಾಗ. ಒಂದು ಬೆಕ್ಕಿಗೆ ಎರಡು ಟ್ರೇ, ಉಸುಕು ಎರಡು ಇಂಚು. ಹೊಳಿ ಉಸುಕಾದ್ರ ಸಾಣಿಸಿ, ತೊಳದು, ಬಿಸಿಲಿಗೆ ಒಣಗಿಸಿ ಹಾಕ್ರಿ, ಧೂಳು ಇದ್ರ ಸೀನು ಹೆಚ್ಚಾಗ್ತದ. ಕೂಲರ್ ಮಗ್ಗಲಿಗೆ ಟ್ರೇ ಇಡಬ್ಯಾಡ್ರಿ, ಕೂತಾಗ ಅದು ಗುರ್ ಅಂತ ಚಾಲೂ ಆದ್ರ ಮತ್ತ ಆ ಟ್ರೇ ಮುಖ ನೋಡೂದಿಲ್ಲ. ನಾಗೊಂದಿಗಿ ಮ್ಯಾಲೆ ಒಂದು ಜಾಗ ಖಾಲಿ ಮಾಡಿ ಕೊಟ್ರ ಭಾಳ ಛಲೋ, ಎತ್ತರದಾಗ ಕೂತ ಬೆಕ್ಕಿಗೆ ಅಂಜಿಕಿ ಕಮ್ಮಿ.

ನೆಲಕ್ಕ ಫಿನಾಯಿಲ್ ಹಚ್ಚಬ್ಯಾಡ್ರಿ, ಬಟ್ಟಿ ಸಂದ್ಯಾಗ ಡಾಂಬರ್ ಗುಳಿಗಿ ಇಡಬ್ಯಾಡ್ರಿ. ಬೆಕ್ಕಿನ ಲಿವರಿಗೆ ಫಿನಾಲ್ ಜಾತಿ ವಸ್ತು ಕರಗಿಸಿ ಹೊರಗ ಹಾಕೋ ಶಕ್ತಿ ಭಾಳ ಕಮ್ಮಿ, ಕಾಲಿಗೆ ಅಂಟಿದ್ದು ನೆಕ್ಕಿದ್ರ ಹೊಟ್ಟಿಗೆ ಹೋಗ್ತದ. ಆನ್‌ಲೈನ್‌ದಾಗ ಸಿಗೋ, ಬೆಕ್ಕನ್ನ ಸಮಾಧಾನ ಮಾಡೋ ವಾಸನಿ ಗಾಳಿಗೆ ಬಿಡೋ ಫೆರೋಮೋನ್ ಡಿಫ್ಯೂಸರ್ ಕೇಳ್ತೀರಿ ಅಂತ ಗೊತ್ತು. ಒಂದು ಬಾಟ್ಲಿ ಸುಮಾರು 30 ದಿನ ಬರ್ತದ. ಆದ್ರ ಕಿಡಕಿ ತೆಗದು ಕೂಲರ್ ಹಚ್ಚೋ ನಮ್ಮ ಮನಿಗಳಾಗ ಅದು ಗಾಳಿಗೆ ಹೋಗೋದೇ ಹೆಚ್ಚು. ಆ ರೊಕ್ಕದಾಗ ಇನ್ನೊಂದು ಟ್ರೇ ಮತ್ತ ಒಂದು ತೂಕದ ಕಾಟಾ ತಗೋರಿ.

ಗುಳಿಗೆ ಡಬ್ಬಿ, ಬಳ್ಳಾರಿ:

ಗುಳಿಗೆ ವಿಷಯಕ್ಕೆ ಬರ್ತೀನಿ. ಹಾಲು ಇವತ್ತೇ ನಿಲ್ಲಿಸಿ. ಡಾಕ್ಸಿಸೈಕ್ಲಿನ್ ಹಾಲು-ಮೊಸರಿನ ಕ್ಯಾಲ್ಸಿಯಂ ಜೊತೆ ಕಟ್ಟಿಕೊಂಡು ಸ್ವಲ್ಪ ಭಾಗ ರಕ್ತಕ್ಕೆ ಸೇರದೆ ಹಂಗೇ ಹೊರಗೆ ಹೋಗುತ್ತೆ. ಕುಡಿದಿದ್ದರೂ ಪೂರ್ತಿ ಲಾಭ ಇರಲಿಲ್ಲ. ಗುಳಿಗೆಗೂ ಹಾಲಿಗೂ ನಡುವೆ ಎರಡು ಗಂಟೆ ಅಂತರ ಇರಲಿ.

ಇದಕ್ಕಿಂತ ದೊಡ್ಡ ಅಪಾಯ ಗಂಟಲದ್ದು. ಬೆಕ್ಕಿಗೆ ಒಣ ಗುಳಿಗೆ ಕೊಟ್ಟರೆ ಅದು ಹೊಟ್ಟೆಗೆ ಇಳಿಯದೆ ಅನ್ನನಾಳದಲ್ಲೇ ಕೆಲವು ನಿಮಿಷ ಸಿಕ್ಕಿಕೊಂಡಿರುತ್ತೆ. ಬೇರೆ ಬಹಳಷ್ಟು ಗುಳಿಗೆಯಾದರೆ ಅಷ್ಟು ತೊಂದರೆ ಇಲ್ಲ, ಡಾಕ್ಸಿಸೈಕ್ಲಿನ್ ಆಮ್ಲದಂಥದ್ದು, ಸಿಕ್ಕಿದ ಜಾಗ ಸುಟ್ಟು ಹುಣ್ಣು ಮಾಡುತ್ತೆ. ಹುಣ್ಣು ಮಾದ ಮೇಲೆ ಆ ಜಾಗ ಕುಗ್ಗಿ, ತಿಂದದ್ದೆಲ್ಲ ಹಂಗೇ ವಾಪಸ್ ಬರೋಕೆ ಶುರುವಾಗುತ್ತೆ. ಆದ್ದರಿಂದ ಗುಳಿಗೆ ಆದ ಕೂಡಲೇ 5ರಿಂದ 6 ಮಿ.ಲೀ. ನೀರು, ಅದರ ಹಿಂದೆ ಒಂದು ಚಮಚ ಊಟ. ಇದನ್ನು ಒಂದು ದಿನವೂ ಬಿಡಬೇಡಿ.

ಮೊದಲೇ ಎಲ್ಲಾ ತಯಾರಿ ಇಟ್ಟುಕೊಳ್ಳಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಗುಳಿಗೆ ಕತ್ತರಿಸುವ ಡಬ್ಬಿಯಿಂದ ಅರ್ಧ ಮಾಡಿ, ಚಾಕುವಿನಿಂದ ಕತ್ತರಿಸಿದರೆ ಒಂದು ತುಂಡು 50ರ ಬದಲು 35 ಮಿ.ಗ್ರಾಂ. ಆಗಿ ಉಳಿದದ್ದು ಪುಡಿಯಾಗುತ್ತೆ. ಒಡೆದ ಕಡೆ ಕಹಿ ಬಿಟ್ಟುಕೊಳ್ಳುತ್ತೆ, ನೀವು ಹೇಳಿದ ನೊರೆ ಅದರದ್ದೇ, ವಿಷ ಏರಿದ್ದಲ್ಲ. ಆ ತುಂಡನ್ನು 3ನೇ ನಂಬರಿನ ಖಾಲಿ ಜೆಲಟಿನ್ ಕ್ಯಾಪ್ಸೂಲಿನಲ್ಲಿ ಹಾಕಿ, ತುದಿಗೆ ಒಂಚೂರು ತುಪ್ಪ ಸವರಿ. ತುಪ್ಪದಲ್ಲಿ ಕ್ಯಾಲ್ಸಿಯಂ ಇರಲ್ಲ, ಪರವಾಗಿಲ್ಲ. ಸೂಜಿ ತೆಗೆದ 5 ಮಿ.ಲೀ. ಸಿರಿಂಜಿನಲ್ಲಿ ನೀರು ತುಂಬಿ ಪಕ್ಕಕ್ಕಿಡಿ.

ಟವೆಲ್ಲನ್ನು ಟೇಬಲ್ ಮೇಲೆ ಹಾಸಿ, ಬೆಕ್ಕನ್ನು ಅಂಚಿನಿಂದ ಒಂದು ಗೇಣು ಒಳಗೆ ಕೂರಿಸಿ. ಮೊದಲು ಕುತ್ತಿಗೆ ಮುಂದಿನ ಭಾಗ, ಆಮೇಲೆ ಎರಡೂ ಪಕ್ಕ ಬಿಗಿಯಾಗಿ ಸುತ್ತಿ. ಮುಂಗಾಲು ಒಳಗಿರಬೇಕು, ಕುತ್ತಿಗೆ ಹತ್ತಿರ ಎರಡು ಬೆರಳು ಹೋಗುವಷ್ಟು ಸಡಿಲ. ಅದರ ಬೆನ್ನು ನಿಮ್ಮ ಹೊಟ್ಟೆಗೆ ತಾಗಿರಲಿ, ಎದುರಿಗೆ ನಿಂತರೆ ಹಿಂದಕ್ಕೆ ಜಗ್ಗುತ್ತೆ. ಎಡಗೈಯನ್ನು ತಲೆ ಮೇಲಿಂದ ತಂದು ಹೆಬ್ಬೆರಳು ಒಂದು ಕೆನ್ನೆಯ ಮೂಳೆಗೆ, ತೋರುಬೆರಳು ಇನ್ನೊಂದಕ್ಕೆ. ಮೂತಿ ಮೇಲೆ ಎತ್ತಿ, ಮೇಲೆತ್ತಿದಾಗ ಕೆಳದವಡೆ ತಾನೇ ಸ್ವಲ್ಪ ಸಡಿಲಾಗುತ್ತೆ. ಬಲಗೈ ನಡುಬೆರಳಿನಿಂದ ಕೆಳಗಿನ ಮುಂದಿನ ಸಣ್ಣ ಹಲ್ಲು ಒತ್ತಿ, ಹೆಬ್ಬೆರಳು-ತೋರುಬೆರಳಲ್ಲಿ ಹಿಡಿದ ಗುಳಿಗೆಯನ್ನು ನಾಲಿಗೆಯ ಹಿಂದಿನ ಉಬ್ಬಿನ ಆಚೆ, ನಟ್ಟ ನಡುವೆ ಬಿಡಿ. ಉಬ್ಬಿನ ಈಚೆ ಬಿದ್ದರೆ ಉಗುಳೇ ಉಗುಳುತ್ತೆ. ಬಾಯಿ ಮುಚ್ಚಿ, ಮೂತಿ ಕೆಳಗಿಳಿಸಿ, ಗಂಟಲು ಸವರಿ. ಮೂಗಿನ ತುದಿ ನೆಕ್ಕಿಕೊಂಡರೆ ನುಂಗಿದೆ.

ನೀರಿಗೆ ಮಾತ್ರ ತಲೆ ಎತ್ತಲೇಬಾರದು. ತಲೆ ಸಮ ಇಟ್ಟು, ಕೋರೆಹಲ್ಲಿನ ಹಿಂದೆ ಕೆನ್ನೆ ಸಂದಿಯಲ್ಲಿ ಸಿರಿಂಜ್ ತೂರಿಸಿ ಅರ್ಧರ್ಧ ಮಿ.ಲೀ. ಬಿಡಿ, ನುಂಗಿದ ಮೇಲೆ ಮತ್ತೆ ಅರ್ಧ. ಒಮ್ಮೆಲೇ ಒತ್ತಿದರೆ ಶ್ವಾಸಕೋಶಕ್ಕೆ ಹೋಗುತ್ತೆ. ಮೂರು ಸಲ ಉಗುಳಿತು ಅಂದರೆ ಬಿಟ್ಟುಬಿಡಿ, ಒಂದು ಗಂಟೆ ಆದ ಮೇಲೆ ನೋಡೋಣ.

ಇನ್ನೊಂದು: ಮಂಚದ ಕೆಳಗಿಂದ ಎಳೆದು ತಂದು ಕೊಡಬೇಡಿ. ಅಡಗುವ ಜಾಗ ಬೆಕ್ಕಿಗೆ ಸುರಕ್ಷಿತ ಅನ್ನಿಸಿದ್ದರೆ ಅದು ಹಂಗೇ ಇರಲಿ. ರಾತ್ರಿ ಊಟಕ್ಕೆ ತಾನಾಗಿ ಬಂದಾಗ, ಬೇರೆ ಕೋಣೆಯಲ್ಲಿ, ಒಂದೇ ಟೇಬಲ್ ಮೇಲೆ, ಒಂದೇ ಹೊತ್ತಿಗೆ ಕೊಡಿ. ಆದ ತಕ್ಷಣ ಇಷ್ಟದ ತಿನಿಸು ಕೊಟ್ಟು ಕೈ ಬಿಡಿ. ಬೈದರೆ, ಮುದ್ದಿಗೆ ಅಂತ ತಬ್ಬಿಕೊಂಡರೆ ಎರಡೂ ಕೆಲಸ ಕೆಡಿಸುತ್ತೆ.

ಕೋಟೆ ಬಯಲು:

ಇಷ್ಟೆಲ್ಲ ಯಾಕ್ರಿ. ಕುತ್ತಿಗೆ ಹಿಂದಿನ ಚರ್ಮ ಹಿಡಿದು ಮೇಲೆತ್ತಿ, ತಣ್ಣಗಾಗುತ್ತೆ. ತಾಯಿ ಬೆಕ್ಕು ಮರಿನ ಹಂಗೇ ಒಯ್ಯುತ್ತಲ್ಲ.

ಬಿಸಿಲನಾಡು, ರಾಯಚೂರು:

ಮರಿ 200 ಗ್ರಾಂ ಇರ್ತದ, ಇದು ಐದು ಕಿಲೋ. ತಣ್ಣಗಾದಂಗ ಕಾಣೋದು ಅಂಜಿ ಮರಗಟ್ಟಿದ್ದು. ಸೀನು ಬಂದು ಮೂಗು ಕಟ್ಟಿದ ಬೆಕ್ಕಿಗಂತೂ ಉಸಿರಿಗೇ ತ್ರಾಸ. ಬ್ಯಾಡ.

ಗಂಗಾವತಿಯಾಕಿ:

ಕಲೆ ದೊಡ್ಡದೇ ಐತ್ರಿ, ಕೆಂಪಿಲ್ಲ. ಮನ್ಯಾಗ ಹಿಡಿಯಾಕ ಮತ್ತೊಬ್ಬರಿಲ್ಲ. ಕೋಳಿ ಲಿವರ್ ಕುದಿಸಿ ಅದರಾಗ ಇಟ್ಟು ಕೊಟ್ರ ನಡೀತೈತೇನ್ರಿ? ಇಲ್ಲಾ ಸಿರಪ್ ಇರತೈತೇನು? ಒಂದು ದಿನ ತಪ್ಪಿಸಿದ್ರ ಏನ್ ಮಾಡಬೇಕು?

ಸಿರಿಂಜ್ ಲೆಕ್ಕ, ಸಿರುಗುಪ್ಪ:

ಲಿವರ್ ಆಗುತ್ತೆ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಿರಬಾರದು. ಈರುಳ್ಳಿ-ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ, ಹಾಗಾಗಿ ಸಾರಿನಿಂದ ತೆಗೆದ ತುಂಡು ಬೇಡ. ಹಸಿದಿರುವಾಗ ಕಡಲೆಕಾಳಿನಷ್ಟು ದೊಡ್ಡ ಮೂರು ಉಂಡೆ ಮಾಡಿ. ಮೊದಲನೆಯದು ಬರೀ ಲಿವರ್, ಎರಡನೆಯದರಲ್ಲಿ ಗುಳಿಗೆ, ಅದನ್ನು ಬಾಯಿಗೆ ಹಾಕಿಕೊಳ್ಳುವಾಗಲೇ ಮೂರನೆಯದು ಮೂಗಿನ ಮುಂದೆ ಇರಬೇಕು. ಗುಳಿಗೆ ಒಂದು ಕೈಯಲ್ಲಿ, ಲಿವರ್ ಇನ್ನೊಂದು ಕೈಯಲ್ಲಿ ಹಿಡಿಯಿರಿ, ಗುಳಿಗೆ ಮುಟ್ಟಿದ ಕೈಯಿಂದ ಲಿವರ್ ಮುಟ್ಟಬೇಡಿ. ಕಹಿ ವಾಸನೆ ಹೊರಗೆ ಹತ್ತಿದರೆ ಉಂಡೆ ಹಂಗೇ ಉಳಿಯುತ್ತೆ. ದಿನದ ಪೂರ್ತಿ ಊಟಕ್ಕೆ ಪುಡಿ ಬೆರೆಸಬೇಡಿ. ಬೆಕ್ಕು ಊಟವನ್ನೇ ಬಿಡಬಹುದು, ಎರಡು ದಿನ ಉಪವಾಸ ಬಿದ್ದರೆ ಲಿವರಿನಲ್ಲಿ ಕೊಬ್ಬು ತುಂಬಿ ಕಾಮಾಲೆ ಆಗುತ್ತೆ, ಅದು ಈಗಿನ ನೆಗಡಿಗಿಂತ ಕೆಟ್ಟದ್ದು. ಮೂಗು ಕಟ್ಟಿ ವಾಸನೆ ಸಿಗದಿದ್ದರೆ ತಿನ್ನಲ್ಲ, ಉಗುರು ಬೆಚ್ಚಗಿನ ನೀರಿನ ಹತ್ತಿಯಿಂದ ಮೂಗು ಒರೆಸಿ, ಊಟ ಸ್ವಲ್ಪ ಬಿಸಿ ಮಾಡಿ ಕೊಡಿ.

ಸಿರಪ್ ಬಗ್ಗೆ ಡಾಕ್ಟರನ್ನೇ ಕೇಳಿ, ಆದರೆ ಲೆಕ್ಕ ನೀವೂ ಹಾಕಿ ನೋಡಿ. 5 ಮಿ.ಲೀ.ನಲ್ಲಿ 25 ಮಿ.ಗ್ರಾಂ. ಅಂತ ಬಾಟಲಿ ಮೇಲಿದ್ದರೆ 50 ಮಿ.ಗ್ರಾಂ.ಗೆ 10 ಮಿ.ಲೀ. ಬೇಕು. ಸಿಟ್ಟಿಗೆದ್ದ ಬೆಕ್ಕಿಗೆ ಅಷ್ಟು ಕುಡಿಸೋದು ಗುಳಿಗೆಗಿಂತ ಕಷ್ಟ. 5 ಮಿ.ಲೀ.ಗೆ 50 ಇದ್ದರೆ 5 ಮಿ.ಲೀ., ಅದು ಸಾಧ್ಯ. ಅಳೆಯಲು ಇನ್ಸುಲಿನ್ ಸಿರಿಂಜ್ ಬಳಸುವವರು ಗಮನಿಸಿ: ಅದರ ಮೇಲಿನ 40 ಎನ್ನುವುದು ಯೂನಿಟ್, ಎಲ್ಲಾ ಸೇರಿ 1 ಮಿ.ಲೀ. ಅರ್ಧ ಮಿ.ಲೀ. ಅಂದುಕೊಂಡು 5ರ ಗೆರೆವರೆಗೆ ಎಳೆದರೆ ಬರುವುದು 0.125 ಮಿ.ಲೀ., ಕಾಲು ಭಾಗ ಔಷಧ. ಬಾಟಲಿ ಪ್ರತಿಸಲ ಚೆನ್ನಾಗಿ ಅಲುಗಾಡಿಸಿ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಕೋಣೆಯೊಳಗೂ 38 ಡಿಗ್ರಿ ಇರುತ್ತೆ, ಚೀಟಿ ಮೇಲೆ 25 ಡಿಗ್ರಿಗಿಂತ ಕೆಳಗೆ ಅಂತ ಬರೆದಿದ್ದರೆ ಕಪಾಟು ಸಾಲದು.

ಒಂದು ದಿನ ತಪ್ಪಿದರೆ ನೆನಪಾದಾಗ ಕೊಡಿ, ಮರುದಿನದ ಹೊತ್ತು ಹತ್ತಿರ ಬಂದಿದ್ದರೆ ಆ ಒಂದನ್ನು ಬಿಡಿ. ಎರಡು ಸೇರಿಸಿ ಕೊಡಬೇಡಿ. ಐದನೇ ದಿನಕ್ಕೆ ಸೀನು ನಿಂತಿತು ಅಂತ ನಿಲ್ಲಿಸಬೇಡಿ.

ಮೈ ಬಿಸಿ ಇದೆ ಅಂತ ಮನೆಯ ಜ್ವರದ ಗುಳಿಗೆ ಮುರಿದು ಹಾಕುವವರು ಇದ್ದಾರೆ. ಪ್ಯಾರಾಸಿಟಮಾಲ್ 500 ಮಿ.ಗ್ರಾಂ.ದ ಒಂದು ಗುಳಿಗೆ ಐದು ಕಿಲೋ ಬೆಕ್ಕನ್ನು ಕೊಲ್ಲಲು ಸಾಕು. ಒಸಡು ಕಂದು ಬಣ್ಣಕ್ಕೆ ತಿರುಗಿ, ಮುಖ-ಪಾದ ಊದಿ, ಉಸಿರು ಕಟ್ಟುತ್ತೆ. ಕೊಟ್ಟಾಗಿದ್ದರೆ ಲಕ್ಷಣ ಕಾಯದೆ ಓಡಿ, ಅದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಮದ್ದಿದೆ. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಹನಿಯೂ ಬೆಕ್ಕಿಗೆ ವಿಷ.

ಗುಳಿಗೆ ಡಬ್ಬಿ, ಬಳ್ಳಾರಿ:

ಮತ್ತೆ ಆಸ್ಪತ್ರೆಗೆ ಒಯ್ಯಬೇಕಾದರೆ ದಾರಿಯ ಅಂಜಿಕೆ ತಗ್ಗಿಸುವ ಗ್ಯಾಬಪೆಂಟಿನ್ ಎಂಬ ಔಷಧದ ಬಗ್ಗೆ ಡಾಕ್ಟರನ್ನು ಕೇಳಿ. ಈ ತೂಕದ ಬೆಕ್ಕಿಗೆ ಸಾಮಾನ್ಯವಾಗಿ 50ರಿಂದ 100 ಮಿ.ಗ್ರಾಂ., ಹೊರಡುವ ಎರಡು-ಮೂರು ಗಂಟೆ ಮೊದಲು, ಕ್ಯಾಪ್ಸೂಲ್ ಬಿಚ್ಚಿ ಒಂದು ಚಮಚ ಊಟದಲ್ಲಿ. ಕಿಡ್ನಿ ತೊಂದರೆ ಇದ್ದರೆ ಡೋಸ್ ಇಳಿಸಬೇಕು, ಅದಕ್ಕೇ ಚೀಟಿ ಇಲ್ಲದೆ ಕೊಡಬೇಡಿ. ಆ ದಿನ ತೂರಾಡುತ್ತೆ, ನಾಗೊಂದಿಗೆ ಹತ್ತಲು ಬಿಡಬೇಡಿ.

ಮೂತ್ರ ಕಟ್ಟಿದ್ದೇ ಆದರೆ ಹೊರಡುವ ಮುಂಚೆ ಫೋನ್ ಮಾಡಿ, ಗಂಡು ಬೆಕ್ಕಿಗೆ ಹಾಕುವ 3.5 ಫ್ರೆಂಚ್ ಅಳತೆಯ ಕ್ಯಾತಿಟರ್ (ಮೂತ್ರ ಬಿಡಿಸುವ ಸಣ್ಣ ನಳಿಗೆ) ಇದೆಯಾ ಅಂತ ಕೇಳಿ. ದನಕರು ಹೆಚ್ಚು ನೋಡುವ ಕಡೆ ಅದು ಇರಲಿಕ್ಕಿಲ್ಲ, ಅಲ್ಲಿಗೆ ಹೋಗಿ ವಾಪಸ್ ಬರುವಷ್ಟು ಸಮಯ ಇರಲ್ಲ. 1962 ನಂಬರಿಗೆ ಫೋನ್ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸೆ ಬಂಡಿ ಮನೆಗೆ ಬಂದರೂ ಈ ಕೆಲಸಕ್ಕೆ ಆಸ್ಪತ್ರೆ ಟೇಬಲ್ಲೇ ಬೇಕು. ನಿಮ್ಮ ಕಡೆಯವರಿಗೆ ಗದಗಿನ ಪಶುವೈದ್ಯಕೀಯ ಕಾಲೇಜನ್ನೂ ವಿಚಾರಿಸಬಹುದು.

ಆಟೋದಲ್ಲಿ ಚೀಲದಲ್ಲಿ ಕಟ್ಟಿಕೊಂಡು ಹೋಗಬೇಡಿ. ಮೇಲಿನಿಂದ ಬಾಯಿ ತೆಗೆಯುವ ಬುಟ್ಟಿ, ಇಲ್ಲದಿದ್ದರೆ ತರಕಾರಿಯ ಪ್ಲಾಸ್ಟಿಕ್ ಕ್ರೇಟ್ ಎರಡನ್ನು ಬಾಯಿಗೆ ಬಾಯಿ ಸೇರಿಸಿ ಕಟ್ಟಿ, ಮೇಲೆ ತೆಳು ಬಟ್ಟೆ ಹೊದಿಸಿ. ಬಿಸಿಲು ಹೊತ್ತು ತಪ್ಪಿಸಿ. ನಾಯಿಯ ಹಾಗೆ ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಆಟೋ ನೆರಳಿಗೆ ನಿಲ್ಲಿಸಿ, ಕಿವಿ ಮತ್ತು ಪಾದಕ್ಕೆ ಸಾದಾ ನೀರು ಒರೆಸಿ. ಐಸ್ ನೀರು ಬೇಡ.