ಮೂತ್ರಕೋಶದ ಕ್ಯಾನ್ಸರ್: ಬಿಸಿಜಿ ಬದಲು ಪ್ರೋಬಯಾಟಿಕ್ ಸಾಕೇ?

ಆಳಂದದಿಂದ ಪ್ರಶ್ನೆ: ಅಪ್ಪನ ಮೂತ್ರಕೋಶದ ಗಡ್ಡೆಯನ್ನು ಕಲಬುರಗಿಯಲ್ಲಿ ಕೆರೆದು ತೆಗೆದಿದ್ದಾರೆ. ಸ್ನಾಯುವಿಗೆ ಇಳಿದಿಲ್ಲ. ಇನ್ನು ಮೂತ್ರಕೋಶದೊಳಗೆ ಬಿಸಿಜಿ ಎಂಬ ಔಷಧಿ ಹಾಕಬೇಕಂತೆ. ಅಪ್ಪನಿಗೆ ಭಯ. ಪ್ರೋಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪಾನೀಯ, ಕುಡಿದರೆ ಸಾಕೆಂದು ನೆಂಟರೊಬ್ಬರು ಹೇಳುತ್ತಿದ್ದಾರೆ. ಅನುಭವವಿದ್ದವರು ತಿಳಿಸಿ.

ಕಲಬುರಗಿಯಿಂದ: ನಮ್ಮ ಮಾವನವರದ್ದೂ ಇದೇ ಹಂತ. ನೆಂಟರ ಮಾತು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಅದೇ ಅಪಾಯ. ಜಪಾನಿನ ವೈದ್ಯರು ಲ್ಯಾಕ್ಟೋಬ್ಯಾಸಿಲಸ್ ಕೇಸಿ ಎಂಬ ಬ್ಯಾಕ್ಟೀರಿಯಾವನ್ನು 1990ರ ದಶಕದಿಂದಲೇ ಪರೀಕ್ಷಿಸಿದ್ದಾರೆ. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದನ್ನು ಸೇವಿಸಿದವರ ಪೈಕಿ ಸುಮಾರು ಶೇ 75 ಮಂದಿಗೆ ಮೂರು ವರ್ಷ ಗಡ್ಡೆ ಮರುಕಳಿಸಲಿಲ್ಲ. ಸೇವಿಸದವರಲ್ಲಿ ಶೇ 60. ಆದರೆ ಎರಡೂ ಗುಂಪಿನವರಿಗೆ ಶಸ್ತ್ರಚಿಕಿತ್ಸೆಯಾಗಿತ್ತು, ಮೂತ್ರಕೋಶದೊಳಗೆ ಎಪಿರುಬಿಸಿನ್ ಎಂಬ ಕ್ಯಾನ್ಸರ್ ಔಷಧಿಯನ್ನೂ ಹಾಕಲಾಗಿತ್ತು. ರೋಗ ಉಲ್ಬಣಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸೆ ಬಿಟ್ಟು ಬರೀ ಪ್ರೋಬಯಾಟಿಕ್ ಕುಡಿದವರ ಲೆಕ್ಕ ಅದಲ್ಲ.

ಬಿಸಿಜಿಯೂ ಬ್ಯಾಕ್ಟೀರಿಯಾವೇ ಎಂದು ಅಪ್ಪನಿಗೆ ಹೇಳಿ: ದುರ್ಬಲಗೊಳಿಸಿದ, ಜೀವಂತ ಕ್ಷಯಾಣು. ಅದು ದೇಹದ ರೋಗನಿರೋಧಕ ಕಣಗಳನ್ನು ಮೂತ್ರಕೋಶದ ಗೋಡೆಗೆ ಕರೆತರುತ್ತದೆ. 1976ರಿಂದ ಬಳಕೆಯ ಅನುಭವವಿದೆ. ಮೊದಲ ಸುತ್ತಿನಲ್ಲಿ ವಾರಕ್ಕೊಮ್ಮೆಯಂತೆ ಆರು ವಾರ. ತೆಳ್ಳನೆಯ ನಳಿಕೆಯಿಂದ ಹಾಕಿ, ಎರಡು ಗಂಟೆ ಮೂತ್ರ ತಡೆದುಕೊಳ್ಳಲು ಹೇಳುತ್ತಾರೆ. ಮಾವನವರಿಗೆ ಅಂದು ರಾತ್ರಿ ಉರಿ, ಪದೇ ಪದೇ ಮೂತ್ರ, ಆಮೇಲೆ ತಗ್ಗುತ್ತಿತ್ತು. ಆರು ಗಂಟೆಯವರೆಗೆ ಅವರು ಕುಳಿತೇ ಮೂತ್ರ ಮಾಡುತ್ತಿದ್ದರು; ಪ್ರತಿ ಸಲವೂ ಶೌಚದ ಗುಂಡಿಗೆ ಬ್ಲೀಚ್ ಸುರಿದು ಹದಿನೈದು ನಿಮಿಷ ಬಿಟ್ಟು ನೀರು ಹಾಕುತ್ತಿದ್ದೆವು. ಜ್ವರ ಹೆಚ್ಚಿ ಇಳಿಯದಿದ್ದರೆ ಮಾತ್ರ ತಡಮಾಡಬೇಡಿ, ಕೂಡಲೇ ವೈದ್ಯರಿಗೆ ತಿಳಿಸಿ.

ಯಾದಗಿರಿಯಿಂದ: ಜೋಳದ ರೊಟ್ಟಿಯೊಡನೆ ಮೊಸರು, ಮಜ್ಜಿಗೆ ಧಾರಾಳವಾಗಿ ಕೊಡಿ. ಆದರೆ ಮನೆಯ ಹೆಪ್ಪಿನಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಯಾರೂ ಅಳೆದಿಲ್ಲ. ಅದನ್ನು ಜಪಾನಿನ ಔಷಧಿಗೆ ಸಮ ಎನ್ನಲಾಗದು. ಪ್ರೋಬಯಾಟಿಕ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬೇಡಿ, ರೋಗನಿರೋಧಕ ಶಕ್ತಿ ಕುಗ್ಗಿದ್ದರಂತೂ ಬೇಡವೇ ಬೇಡ. ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಿಸಬೇಡಿ, ಕೆಲವು ಬಿಸಿಜಿಯ ಕೆಲಸವನ್ನೇ ಕುಗ್ಗಿಸಬಹುದು.

ಬೀದರ್‌ನಿಂದ: ಅಪ್ಪ ಬೀಡಿ ಸೇದುತ್ತಾರೆಯೇ? ಹಾಗಿದ್ದರೆ ಮೊದಲು ಅದನ್ನು ಬಿಡಿಸಿ. ಈ ಕ್ಯಾನ್ಸರ್‌ಗೆ ಧೂಮಪಾನವೇ ದೊಡ್ಡ ಕಾರಣ. ಶುರುವಿನಲ್ಲಿ ಮೂರು ತಿಂಗಳಿಗೊಮ್ಮೆ ಮೂತ್ರಕೋಶದ ಒಳಗೆ ನೋಡುವ ದುರ್ಬೀನು ಪರೀಕ್ಷೆಗೆ ಕರೆಯುತ್ತಾರೆ, ನೋವಿಲ್ಲವೆಂದು ತಪ್ಪಿಸಬೇಡಿ. ಇನ್ನೊಬ್ಬರ ಅಭಿಪ್ರಾಯ ಬೇಕೆಂದರೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ. ಬಯಾಪ್ಸಿ ವರದಿಯ ಮೂಲ ಪ್ರತಿ ಕೈಯಲ್ಲಿರಲಿ.